ಬೇರೆ ಅಳತೆಯ ತೋಟಾ ಹಾಕಿದರೆ ರೈಫಲ್ ಯಾಕೆ ಸಿಡಿಯುತ್ತದೆ?

ಗುಂಡಿಗೆ ಮುಂದೆ ದಾರಿ ಇಲ್ಲದಿರುವುದೇ ಮುಖ್ಯ ಕಾರಣ. ಮದ್ದು ಉರಿದಾಗ ಹುಟ್ಟುವ ಗ್ಯಾಸ್‌ಗೆ ಜಾಗ ಬೇಕು. ಗುಂಡು ನಳಿಕೆಯಲ್ಲಿ ಮುಂದೆ ಸರಿದಂತೆ ಆ ಜಾಗ ಸಿಗುತ್ತದೆ. ಗುಂಡು ಸಿಕ್ಕಿಕೊಂಡರೆ ಒತ್ತಡ ಕಣ್ಣು ಮಿಟುಕಿಸುವುದರೊಳಗೆ ಮಿತಿ ಮೀರುತ್ತದೆ.

ಅಮೆರಿಕದ ಎಆರ್-15 ರೈಫಲ್‌ಗಳನ್ನೇ ನೋಡಿ. .223 ಅಳತೆಯ ರೈಫಲ್‌ಗೆ .300 ಬ್ಲ್ಯಾಕ್‌ಔಟ್ ಎಂಬ ಬೇರೆ ಅಳತೆಯ ತೋಟಾ ಹಾಕುವ ತಪ್ಪು ಅಲ್ಲಿ ಸುಲಭವಾಗಿ ಆಗುತ್ತದೆ. ಎರಡಕ್ಕೂ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಒಂದೇ, ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚುವ ಲೋಹದ ತುಂಡು) ಒಂದೇ. ಬ್ಲ್ಯಾಕ್‌ಔಟ್‌ನ ಕೇಸ್ (ಮದ್ದು ತುಂಬಿದ ಲೋಹದ ಕೊಳವೆ) ಅಂದರೆ .223 ಕೇಸನ್ನು ಸುಮಾರು 45 ಮಿ.ಮೀ.ನಿಂದ 35ಕ್ಕೆ ಗಿಡ್ಡ ಮಾಡಿದ್ದು. ಆದರೆ ಅದರ ಗುಂಡು 7.8 ಮಿ.ಮೀ. ದಪ್ಪ. .223 ನಳಿಕೆಗೆ ಬೇಕಾದದ್ದು 5.7!

ದಪ್ಪ ಗುಂಡು ಚೇಂಬರ್‌ನ (ನಳಿಕೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗದ) ಕುತ್ತಿಗೆಗೆ ತಾಗಿ, ಸಾಮಾನ್ಯವಾಗಿ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ. ಕೆಲವೊಮ್ಮೆ ಮಾತ್ರ ಗುಂಡು ಕೇಸಿನೊಳಕ್ಕೆ ಹಿಂದೆ ಸರಿದು, ಬೋಲ್ಟ್ ಸುಮ್ನೆ ಮುಚ್ಚಿಕೊಳ್ಳುತ್ತದೆ. ಇದೇ ಜಾಸ್ತಿ ಅಪಾಯ. ಕೇಸಿನೊಳಗಿನ ಜಾಗವೂ ಕುಗ್ಗಿತು, ಮುಂದಿನ ದಾರಿಯೂ ಮುಚ್ಚಿತು. ಈ ತೋಟಾಗಳ ಒತ್ತಡದ ಮಿತಿ 55,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದನ್ನು ಬಹಳ ಮೀರಿದರೆ ಕೇಸಿನ ಬುಡ ಒಡೆದು, ಗ್ಯಾಸ್ ಮ್ಯಾಗಜೀನನ್ನು ಕೆಳಕ್ಕೆ ಒದೆದು, ಬೋಲ್ಟ್ ಕೂರುವ ಅಲ್ಯೂಮಿನಿಯಂ ಕವಚವಾದ ರಿಸೀವರನ್ನೇ ಸೀಳಬಹುದು. ಗುರಿ ಹಿಡಿದವರ ಮುಖ ಇರುವುದು ಅದರ ಪಕ್ಕದಲ್ಲೇ ಅಲ್ವಾ?

ಬೋಲ್ಟ್ ಮುಚ್ಚದಿದ್ದರೆ ದಯವಿಟ್ಟು ಒತ್ತಿ ತಳ್ಳಬೇಡಿ. ಕೇಸಿನ ಬುಡದಲ್ಲಿ ಒತ್ತಿದ ಬರಹವನ್ನು ಓದಿದರೆ ಸಾಲದು: ಹಳೇ .223 ಕೇಸ್ ಕತ್ತರಿಸಿ ಮಾಡಿದ ತೋಟಾದಲ್ಲಿ .223 ಎಂದೇ ಉಳಿದಿರುತ್ತದೆ. ಗುಂಡಿನ ದಪ್ಪ ನೋಡಿ, ನಳಿಕೆಯ ಮೇಲಿನ ಬರಹಕ್ಕೆ ಹೋಲಿಸಿ. ಎರಡು ಬಗೆಯ ಮ್ಯಾಗಜೀನ್ ಒಂದೇ ಚೀಲದಲ್ಲಿ ಇಡಲೇಬೇಡಿ.