ಪಾಶ್ಚಾತ್ಯ ಸಂಗೀತ ಗೊತ್ತಿಲ್ಲದವರು ಚಿಕಾಗೋ ಪಾರ್ಕಿನ ಉಚಿತ ಆರ್ಕೆಸ್ಟ್ರಾ ಕಛೇರಿಗೆ ಹೋಗಬಹುದೇ?

ನೀವು ಮಡಿಕೇರಿಯವರು. ಜೂನ್‌ನಲ್ಲಿ ಮಗನ ಮನೆಗೆ, ಚಿಕಾಗೋ ಹತ್ತಿರದ ನೇಪರ್‌ವಿಲ್‌ಗೆ ಹೊರಟಿದ್ದೀರಿ. ಚಿಕಾಗೋದ ಮಿಲೇನಿಯಂ ಪಾರ್ಕಿನಲ್ಲಿ ದೊಡ್ಡ ಆರ್ಕೆಸ್ಟ್ರಾ ಪುಕ್ಕಟೆ ನುಡಿಸುತ್ತದೆ ಅಂತ ಸೊಸೆ ಹೇಳಿದ್ದಾಳೆ. ಆದರೆ ಆ ಸಂಗೀತದ ಗಂಧಗಾಳಿ ಇಲ್ಲದ ನಾವು ಹೋಗಿ ಏನು ಕೇಳುವುದು ಅಂತ ನಿಮ್ಮ ಪ್ರಶ್ನೆ.

ಖಂಡಿತ ಹೋಗಿ. ಅದೂ ಒಂದೇ ಕಾರ್ಯಕ್ರಮವನ್ನು ಎರಡು ಸಲ ಕೇಳಿ. ಮೊದಲು ಹಗಲಿನ ತಾಲೀಮು, ಆಮೇಲೆ ಸಂಜೆಯ ಕಛೇರಿ. ನಾನು ಸೋಮವಾರಪೇಟೆ ಕಡೆಯವಳು, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮಗಳ ಮನೆಯೂ ನೇಪರ್‌ವಿಲ್ ಹತ್ತಿರವೇ. ಈ ಸಂಗೀತ ನನಗೆ ಹತ್ತಿದ್ದು ಆ ಪಾರ್ಕಿನಲ್ಲೇ, ಅದರಲ್ಲೂ ತಾಲೀಮು ಕೇಳಿ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಇದರ ಹೆಸರು ಗ್ರ್ಯಾಂಟ್ ಪಾರ್ಕ್ ಮ್ಯೂಸಿಕ್ ಫೆಸ್ಟಿವಲ್. ಶುರುವಾದದ್ದು 1935ರಲ್ಲಿ. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತ. ಅದಕ್ಕೆ ಸ್ವಲ್ಪ ಮೊದಲು ಸಿನಿಮಾಕ್ಕೆ ಮಾತು ಬಂದಿತ್ತು. ಮೂಕಿ ಚಿತ್ರಗಳ ಕಾಲದಲ್ಲಿ ಥಿಯೇಟರ್‌ಗಳಲ್ಲಿ ಕೂತು ನುಡಿಸುತ್ತಿದ್ದ ಸಾವಿರಾರು ವಾದ್ಯಗಾರರ ಕೆಲಸ ಹೋಗಿತ್ತು. ಅವರಿಗೆ ಕೂಲಿ ಸಿಗಲಿ, ಕೈಯಲ್ಲಿ ಕಾಸಿಲ್ಲದ ಜನಕ್ಕೆ ಸಂಗೀತ ಸಿಗಲಿ ಅಂತ ಪಕ್ಕದ ಗ್ರ್ಯಾಂಟ್ ಪಾರ್ಕಿನಲ್ಲಿ ಉಚಿತ ಕಛೇರಿ ಆರಂಭಿಸಿದರು. ಚಿಕಾಗೋದ ವಾದ್ಯಗಾರರ ಸಂಘದ ಜೇಮ್ಸ್ ಪೆಟ್ರಿಲ್ಲೋ ಇದಕ್ಕಾಗಿ ಹಟ ಹಿಡಿದು ದುಡಿದವರು. ಇವತ್ತಿಗೂ ಉಚಿತವಾಗಿಯೇ ಉಳಿದಿದೆ. ಇದು ನನಗೆ ಬಹಳ ದೊಡ್ಡ ಸಂಗತಿ ಅನಿಸುತ್ತದೆ.

ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ನಡೆಯುತ್ತದೆ. ಸಾಮಾನ್ಯವಾಗಿ ಬುಧವಾರ, ಶುಕ್ರವಾರ ಸಂಜೆ 6.30ಕ್ಕೆ, ಶನಿವಾರ 7.30ಕ್ಕೆ. ಶುಕ್ರವಾರ ನುಡಿಸಿದ್ದನ್ನೇ ಹೆಚ್ಚಾಗಿ ಶನಿವಾರವೂ ನುಡಿಸುತ್ತಾರೆ. ಮುಂದಿನ ಕೆಲವು ಸೀಟುಗಳು ದುಡ್ಡು ಕೊಟ್ಟು ಪಾಸ್ ತೆಗೆದುಕೊಂಡವರಿಗೆ. ಹಿಂದಿನ ಸೀಟುಗಳು ಮತ್ತು ಇಡೀ ಹುಲ್ಲುಹಾಸು ಮೊದಲು ಬಂದವರಿಗೆ.

ಇನ್ನು ತಾಲೀಮಿನ ವಿಷಯ. ವಾರದ ದಿನಗಳಲ್ಲಿ ಹಗಲು ಹೊತ್ತು ಆರ್ಕೆಸ್ಟ್ರಾದವರು ಅದೇ ವೇದಿಕೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಯಾರು ಬೇಕಾದರೂ ಹೋಗಿ ಕೂರಬಹುದು. ಕೋಟು ಇಲ್ಲ, ಟೈ ಇಲ್ಲ, ವಾದ್ಯಗಾರರು ಮಾಮೂಲಿ ಬಟ್ಟೆಯಲ್ಲಿ ಬಂದಿರುತ್ತಾರೆ. ಎದುರು ನಿಂತು ಕೈಯಾಡಿಸಿ ಎಲ್ಲರನ್ನೂ ನಡೆಸುವ ಕಂಡಕ್ಟರ್ ನಡುವೆ ಕೈ ಎತ್ತಿ ನಿಲ್ಲಿಸುತ್ತಾರೆ. ಏನೋ ಹೇಳುತ್ತಾರೆ. ಮತ್ತೆ ಸ್ವಲ್ಪ ಹಿಂದಿನಿಂದ ನುಡಿಸುತ್ತಾರೆ. ಆಮೇಲೆ ಬರೀ ಚೆಲ್ಲೊ ಮತ್ತು ಬೇಸ್‌ನವರು (ಪಿಟೀಲಿನ ಜಾತಿಯ ದೊಡ್ಡ, ತಗ್ಗು ದನಿಯ ವಾದ್ಯಗಳು) ನುಡಿಸಲಿ ಅನ್ನುತ್ತಾರೆ. ನಮ್ಮಂಥವರ ಕಿವಿ ತೆರೆಯುವುದು ಇಲ್ಲೇ.

ಯಾಕೆಂದರೆ ನಮ್ಮ ಕಿವಿ ಬೇರೆ ರೀತಿ ಪಳಗಿದೆ. ಕರ್ನಾಟಕ ಸಂಗೀತದಲ್ಲಿ ಹಾಡುವವರು ಒಂದು ರಾಗ ಹಿಡಿದು ಹೋಗುತ್ತಾರೆ, ಪಿಟೀಲು ಅವರ ಹಿಂದೆಯೇ ಹೋಗುತ್ತದೆ. ಶ್ರುತಿ ಒಂದೇ ಕಡೆ ನಿಂತಿರುತ್ತದೆ. ನಾವು ಒಂದೇ ಎಳೆ ಹಿಡಿದು ಕೂತರೆ ಸಾಕು. ಆರ್ಕೆಸ್ಟ್ರಾದಲ್ಲಿ ನಾಲ್ಕೈದು ಎಳೆಗಳು ಒಟ್ಟಿಗೇ ಓಡುತ್ತವೆ. ಕೆಳಗೆ ಚೆಲ್ಲೊ ಒಂದು ಹೇಳುತ್ತಿರುತ್ತದೆ, ಮೇಲೆ ಕೊಳಲು ಇನ್ನೊಂದು, ಹಿಂದೆ ಹಿತ್ತಾಳೆ ವಾದ್ಯಗಳು ಮತ್ತೊಂದು. ಅಭ್ಯಾಸ ಇಲ್ಲದ ಕಿವಿ ಮೇಲಿನ ಪಿಟೀಲನ್ನು ಮಾತ್ರ ಹಿಡಿದು ಉಳಿದದ್ದನ್ನು ಗದ್ದಲ ಅಂದುಕೊಳ್ಳುತ್ತದೆ. ತಾಲೀಮಿನಲ್ಲಿ ಆ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಕೇಳಿಸುತ್ತಾರೆ. ಸಂಜೆ ಎಲ್ಲ ಸೇರಿ ಬಂದಾಗ ‘ಓ, ಚೆಲ್ಲೊದವರು ಹಗಲು ನುಡಿಸಿದ್ದು ಇದೇ ಅಲ್ವಾ’ ಅಂತ ನಿಮಗೇ ಗುರುತು ಸಿಗುತ್ತದೆ. ಆ ಗುರುತು ಸಿಕ್ಕಿದ ಖುಷಿಯೇ ಬೇರೆ. ಯಾವ ಪುಸ್ತಕ ಓದಿದರೂ ಅದು ಬರುವುದಿಲ್ಲ.

ಸ್ವಲ್ಪ ಬೇಗ ಹೋಗಿ ಕೂತರೆ ಇನ್ನೊಂದು ಕಾಣುತ್ತದೆ. ಶುರುವಾಗುವ ಮೊದಲು ಓಬೋ ಅನ್ನುವ ಊದುವ ವಾದ್ಯ ಒಂದೇ ಸ್ವರ ಕೊಡುತ್ತದೆ, ಎಲ್ಲರೂ ಅದಕ್ಕೆ ತಮ್ಮ ಶ್ರುತಿ ಸೇರಿಸುತ್ತಾರೆ. ಓಬೋದ ತುದಿಯಲ್ಲಿ ಎರಡು ತೆಳು ಕಡ್ಡಿ ಸೇರಿಸಿ ಕಟ್ಟಿದ ಪೀಪಿ ಇರುತ್ತದೆ. ನಾಗಸ್ವರ, ಶಹನಾಯಿಯದೂ ಇದೇ ಜಾತಿ. ದೇವಸ್ಥಾನದಲ್ಲಿ, ಮದುವೆ ಮನೆಯಲ್ಲಿ ಊದುವ ವಾದ್ಯ ಕೇಳಿ ಬೆಳೆದ ನಮಗೆ ಓಬೋದ ದನಿ ಬೇಗ ಹತ್ತಿರವಾಗುತ್ತದೆ. ಮೊದಲ ಸಲ ಕಿವಿಗೆ ಒಂದು ಹಿಡಿತ ಬೇಕು ಅಂದರೆ ಓಬೋವನ್ನೇ ಹುಡುಕಿ ಹಿಡಿಯಿರಿ.

ಎಲ್ಲಿ ಕೂರಬೇಕು ಅಂತಲೂ ಕೇಳಿದ್ದೀರಿ. ಮಿಲೇನಿಯಂ ಪಾರ್ಕಿನ ಈ ವೇದಿಕೆ ಕಟ್ಟಿ ಮುಗಿಸಿದ್ದು 2004ರಲ್ಲಿ, ವಿನ್ಯಾಸ ವಾಸ್ತುಶಿಲ್ಪಿ ಫ್ರ್ಯಾಂಕ್ ಗೆರಿ ಅವರದು. ಹುಲ್ಲುಹಾಸಿನ ಮೇಲೆ ಪೂರ್ತಿ ಉಕ್ಕಿನ ಕೊಳವೆಗಳ ಚಪ್ಪರ ಇದೆ. ನೆರಳಿಗಲ್ಲ, ಸ್ಪೀಕರ್ ತೂಗಿಹಾಕಲಿಕ್ಕೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ಕೂತವರಿಗೆ ವೇದಿಕೆಯ ದನಿ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಬೇಕು. ತಲೆ ಮೇಲಿನ ಸ್ಪೀಕರ್ ತಕ್ಷಣ ನುಡಿದುಬಿಟ್ಟರೆ ಒಂದೇ ಸ್ವರ ಎರಡು ಸಲ ಕೇಳುತ್ತದೆ. ಅದಕ್ಕೇ ಹಿಂದಿನ ಸ್ಪೀಕರ್‌ಗಳನ್ನು ಅಷ್ಟು ತಡಮಾಡಿ ನುಡಿಸುತ್ತಾರೆ. ಹಾಗಾಗಿ ಹುಲ್ಲಿನ ಮೇಲೆ ಕೂತರೂ ದನಿ ಎದುರಿನಿಂದಲೇ ಬಂದಂತೆ ಅನಿಸುತ್ತದೆ. ನಮ್ಮ ಜಾತ್ರೆ, ಗಣಪತಿ ಪೆಂಡಾಲುಗಳಲ್ಲಿ ಕಿವಿ ಒಡೆಯುವ ಬಾಕ್ಸ್ ಕೇಳಿ ಬೇಸತ್ತ ನನಗೆ ಈ ಕಾಳಜಿ ನೋಡಿ ಗೌರವ ಹುಟ್ಟಿತು.

ತಾಲೀಮಿಗೆ ಸೀಟಿನಲ್ಲಿ ಕೂರಿ, ವಾದ್ಯಗಾರರ ಕೈ ಕಾಣುತ್ತದೆ. ಸಂಜೆ ಹುಲ್ಲಿನ ಮೇಲೆ ಜಮಖಾನ ಹಾಸಿ ಕೂರಿ. ಮಂಡಿ ನೋವಿದ್ದರೆ ಸಂಜೆಯೂ ಸೀಟೇ ವಾಸಿ. ಪಕ್ಕದ ಮಿಶಿಗನ್ ಸರೋವರದ ಗಾಳಿ ಸಂಜೆ ಚಳಿ ತರುತ್ತದೆ, ಸ್ವೆಟರ್ ಇರಲಿ. ಊಟ ಕಟ್ಟಿಕೊಂಡು ಹೋಗಬಹುದು. ನಾವು ಚಪಾತಿ ಪಲ್ಯ ಒಯ್ಯುತ್ತಿದ್ದೆವು.

ಒಂದು ಕೊರತೆ ಹೇಳಲೇಬೇಕು. ಪಾರ್ಕು ಊರಿನ ನಟ್ಟನಡುವೆ ಇದೆ. ಮೆಲ್ಲನೆ ನುಡಿಸುವ ಜಾಗದಲ್ಲೇ ಆಂಬುಲೆನ್ಸ್ ಕೂಗಿಕೊಂಡು ಹೋಗುತ್ತದೆ. ಹುಲ್ಲಿನ ಮೇಲೆ ಹಿಂದೆ ಕೂತವರು ಜಾಸ್ತಿ ಮಾತಾಡುತ್ತಾರೆ. ದಸರಾ ರಾತ್ರಿ ನಮ್ಮ ಗಾಂಧಿ ಮೈದಾನದಲ್ಲಿ ಕೂತು ಅಭ್ಯಾಸ ಇರುವ ನಿಮಗೆ ಇದು ಕಷ್ಟವಾಗಲಾರದು. ತುಂಬಾ ಮೆಲುದನಿಯ ಕೃತಿ ಇದ್ದ ದಿನ ಮಾತ್ರ ಮುಂದೆ ಹೋಗಿ.

ಚಪ್ಪಾಳೆಯ ಚಿಂತೆ ಬಿಡಿ. ಸಿಂಫನಿ ಅಂದರೆ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ. ನಡುವೆ ನಿಲ್ಲಿಸಿದಾಗ ಮುಗಿಯಿತು ಅಂತಲ್ಲ. ಕಂಡಕ್ಟರ್ ಕೈ ಕೆಳಗಿಳಿಸಿ ನಮ್ಮ ಕಡೆ ತಿರುಗಿದರೆ ಮುಗಿದ ಹಾಗೆ. ಪಾರ್ಕಿನಲ್ಲಿ ನಡುವೆ ಚಪ್ಪಾಳೆ ಬಿದ್ದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

‘ಇದು ನಮ್ಮಂಥವರಿಗಲ್ಲವೇನೋ’ ಅಂತ ಬರೆದಿದ್ದೀರಿ. ಈ ಮಾತು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಪಕ್ಕದ ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸುತ್ತಲೇ ಪಾಶ್ಚಾತ್ಯ ಸಂಗೀತವನ್ನೂ ಆಳವಾಗಿ ಬಲ್ಲವರಾಗಿದ್ದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿ ಎಂಬ ಸಂಗೀತ ಸಂಸ್ಥೆಯ ಮೊದಲ ಅಧ್ಯಕ್ಷರು ಅವರೇ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್ ಜೊತೆ ಇಂಗ್ಲಿಷ್ ಬ್ಯಾಂಡೂ ಇತ್ತು. ನಮ್ಮ ಕೊಡಗಿನಲ್ಲಂತೂ ಸೈನ್ಯ ಸೇರಿದವರ ಮನೆ ಎಲ್ಲ ಕಡೆ ಇದೆ. ನಮ್ಮ ಮನೆಯವರೂ ಸೈನ್ಯದಲ್ಲಿದ್ದವರು. ಪರೇಡಿನಲ್ಲಿ ಬ್ಯಾಂಡ್ ಕೇಳಿ ಟ್ರಂಪೆಟ್ ಯಾವುದು, ಟ್ರಾಂಬೋನ್ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪಾರ್ಕಿನಲ್ಲಿ ನನಗೆ ಒಂದೊಂದನ್ನೂ ತೋರಿಸಿಕೊಟ್ಟವರು ಅವರೇ.

ನನಗೊಂದು ಆಸೆ ಇದೆ. ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಮಳೆ ಇಲ್ಲ. ರಾಜಾಸೀಟ್ ಉದ್ಯಾನದಲ್ಲಿ ಸಂಜೆ ಹೇಗೂ ಜನ ಸೇರುತ್ತಾರೆ. ತಿಂಗಳಿಗೊಮ್ಮೆ ಒಂದು ಸೈನ್ಯದ ಬ್ಯಾಂಡನ್ನೋ ಪೊಲೀಸ್ ಬ್ಯಾಂಡನ್ನೋ ಕರೆಸಿ ಒಂದು ಗಂಟೆ ನುಡಿಸಿದರೆ ಎಷ್ಟು ಚೆನ್ನ! ಮೈಕಿನ ಹಂಗೂ ಇಲ್ಲದೆ ಕೇಳುವ ವಾದ್ಯಗಳು ಅವು. ಶಾಲೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ನಮ್ಮ ಮಕ್ಕಳು ಬಂದು ಕೂತು ಕೇಳಲಿ.

ಯಾವುದರಿಂದ ಶುರು ಮಾಡುವುದು? ಫೆಸ್ಟಿವಲ್‌ನ ಪಟ್ಟಿ ಮೊದಲೇ ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ ಡ್ವೊರ್ಝಾಕ್ ಅಥವಾ ಚೈಕೋವ್‌ಸ್ಕಿ ಎಂಬ ಸಂಗೀತ ರಚನಕಾರರ ಹೆಸರಿದ್ದರೆ ಆ ವಾರ ಗುರುತು ಹಾಕಿಕೊಳ್ಳಿ. ಇಬ್ಬರದೂ ರಾಗ ಬೇಗ ನೆನಪಿನಲ್ಲಿ ನಿಲ್ಲುತ್ತದೆ. ಡ್ವೊರ್ಝಾಕ್ ತಮ್ಮ ಒಂಬತ್ತನೇ ಸಿಂಫನಿ ಬರೆದದ್ದು ಅಮೆರಿಕದಲ್ಲಿದ್ದಾಗ, 1893ರಲ್ಲಿ ಅದು ಮೊದಲು ನುಡಿದದ್ದು ನ್ಯೂಯಾರ್ಕಿನಲ್ಲಿ. ಅದರ ಎರಡನೇ ಭಾಗದ ರಾಗ ಹೇಳುವುದು ಓಬೋದ ಅಕ್ಕನಂಥ ಇಂಗ್ಲಿಷ್ ಹಾರ್ನ್. ಹೊರಡುವ ಮೊದಲೇ, ಇಲ್ಲಿ ಮಳೆ ಹಿಡಿದು ಮನೆಯಲ್ಲೇ ಕೂತಿರುವಾಗ, ಕರೆಂಟ್ ಇದ್ದ ಹೊತ್ತು ಯೂಟ್ಯೂಬಿನಲ್ಲಿ ಕೇಳಿ. ಗಮನ ಇಟ್ಟು ಕೇಳಬೇಕು ಅಂತಿಲ್ಲ, ಅಡುಗೆ ಮಾಡುತ್ತಾ ಸುಮ್ನೆ ಹಾಕಿಡಿ.

ಅದೇ 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ ಕಟ್ಟಡ ಈ ಪಾರ್ಕಿನ ಪಕ್ಕದಲ್ಲೇ ಇದೆ. ಈಗ ಅದು ಆರ್ಟ್ ಇನ್‌ಸ್ಟಿಟ್ಯೂಟ್, ದೊಡ್ಡ ಮ್ಯೂಸಿಯಂ. ನೇಪರ್‌ವಿಲ್‌ನಿಂದ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದರೆ ಪಾರ್ಕಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷದ ನಡಿಗೆ. ಬೆಳಿಗ್ಗೆ ಬಂದು ತಾಲೀಮು ಕೇಳಿ, ಮಧ್ಯಾಹ್ನ ಮ್ಯೂಸಿಯಂ ನೋಡಿ, ಅದೇ ದಿನ ಕಛೇರಿ ಇದ್ದರೆ ಸಂಜೆ ಮುಗಿಸಿಕೊಂಡೇ ಮನೆಗೆ ಹೋಗಬಹುದು. ವಾಪಸ್ ರೈಲಿನ ವೇಳೆ ಮಾತ್ರ ಮಗನ ಹತ್ತಿರ ಮೊದಲೇ ನೋಡಿಸಿಟ್ಟುಕೊಳ್ಳಿ. ಈ ವರ್ಷದ ಪಟ್ಟಿ ಸಿಕ್ಕಿದ ಮೇಲೆ ಯಾವ ವಾರ ಅಂತ ತೋಚದಿದ್ದರೆ ಇಲ್ಲೇ ಕೇಳಿ, ನೋಡಿ ಹೇಳುತ್ತೇನೆ.