ಹಳೇ ಹಾಲಿವುಡ್ ಕೌಬಾಯ್ ಸಿನಿಮಾ ನೋಡಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ನನ್ನ ಕೇಳಿದರೆ, 1952ರ ‘ಹೈ ನೂನ್’ನಿಂದ ಶುರು ಮಾಡಿ. ಒಂದೂವರೆ ಗಂಟೆಗಿಂತ ಚಿಕ್ಕ ಸಿನಿಮಾ. ಮಧ್ಯಾಹ್ನದ ರೈಲಿಗೆ ಒಬ್ಬ ಕೊಲೆಗಾರ ಊರಿಗೆ ಬರುತ್ತಿದ್ದಾನೆ. ಊರಿನ ಕಾನೂನು ಕಾಯುವ ಅಧಿಕಾರಿ, ಅಂದರೆ ಮಾರ್ಷಲ್, ಮನೆಮನೆಗೂ ಹೋಗಿ ಸಹಾಯ ಕೇಳುತ್ತಾನೆ, ಯಾರೂ ಬರಲ್ಲ. ತೆರೆಯ ಮೇಲಿನ ಗಡಿಯಾರ ಹೆಚ್ಚುಕಡಿಮೆ ನಮ್ಮ ಗಡಿಯಾರದ ಜೊತೆಗೇ ಓಡುತ್ತದೆ. ಮಾರ್ಷಲ್ ಪಾತ್ರದ ಗ್ಯಾರಿ ಕೂಪರ್ ಜಾಸ್ತಿ ಮಾತಾಡುವುದಿಲ್ಲ, ಭಯವೆಲ್ಲ ಮುಖದಲ್ಲೇ ಇದೆ. ಆ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು.

ಆಮೇಲೆ ನಟ ಜಾನ್ ವೇಯ್ನ್. ಸುಮಾರು ಹತ್ತು ವರ್ಷ ಕಡಿಮೆ ಬಜೆಟ್ಟಿನ ಚಿತ್ರಗಳಲ್ಲೇ ಕಳೆದವರು. 1939ರಲ್ಲಿ ನಿರ್ದೇಶಕ ಜಾನ್ ಫೋರ್ಡ್ ‘ಸ್ಟೇಜ್‌ಕೋಚ್’ನಲ್ಲಿ ಪಾತ್ರ ಕೊಟ್ಟ ಮೇಲೆ ದೊಡ್ಡ ತಾರೆಯಾದರು. ಫೋರ್ಡ್ ಅಮೆರಿಕದ ಮಾನ್ಯುಮೆಂಟ್ ವ್ಯಾಲಿ ಎಂಬ ಮರುಭೂಮಿ ಪ್ರದೇಶದಲ್ಲಿ ಮೊದಲ ಸಲ ಚಿತ್ರೀಕರಣ ಮಾಡಿದ್ದೂ ಇದಕ್ಕೇ. ಆ ಕೆಂಪು ಕಲ್ಲಿನ ಗುಡ್ಡಗಳನ್ನು ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ.

ಇದೇ ಜೋಡಿಯ 1956ರ ‘ದಿ ಸರ್ಚರ್ಸ್’ ನನಗೆ ಎಲ್ಲಕ್ಕಿಂತ ಇಷ್ಟ. ಇಲ್ಲಿ ವೇಯ್ನ್ ಒಳ್ಳೆಯ ನಾಯಕ ಅಲ್ಲ. ಅಮೆರಿಕದ ಮೂಲನಿವಾಸಿಗಳ ಮೇಲೆ ದ್ವೇಷ ತುಂಬಿಕೊಂಡವನು. ಆ ಕಾಲದ ಎಷ್ಟೋ ಕೌಬಾಯ್ ಚಿತ್ರಗಳು ಮೂಲನಿವಾಸಿಗಳನ್ನು ಬರೀ ಶತ್ರುಗಳಂತೆ ತೋರಿಸಿದವು. ಅದು ನನಗೆ ಈಗಲೂ ನೋವು ಕೊಡುತ್ತದೆ. ಈ ಚಿತ್ರ ಕನಿಷ್ಠ ನಾಯಕನ ದ್ವೇಷವನ್ನು ನೇರವಾಗಿ ತೋರಿಸುತ್ತದೆ.

ಕೊನೆಯ ದೃಶ್ಯ ತಪ್ಪಿಸಿಕೊಳ್ಳಬೇಡಿ. ಬಾಗಿಲಾಚೆ ಒಬ್ಬನೇ ನಿಂತ ವೇಯ್ನ್, ಎಡಗೈಯಿಂದ ಬಲ ಮೊಣಕೈ ಹಿಡಿದುಕೊಳ್ಳುತ್ತಾರೆ. ಅದು ಮೂಕಿ ಕಾಲದ ಕೌಬಾಯ್ ನಟ ಹ್ಯಾರಿ ಕೇರಿ ನಿಲ್ಲುತ್ತಿದ್ದ ಭಂಗಿ. ಆಗ ಕೇರಿ ತೀರಿಹೋಗಿದ್ದರು. ಅವರ ಹೆಂಡತಿ ಆಲಿವ್ ಕೂಡ ಇದೇ ಚಿತ್ರದಲ್ಲಿ ನಟಿಸಿದ್ದಾರೆ. ಇದು ಗೊತ್ತಾದ ಮೇಲೆ ಆ ದೃಶ್ಯ ಬಂದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.