ಸೂಜಿ ದಾರ: ಅವ್ವನ ಸೀರೆಗೆ ಕತ್ತರಿ ಹಾಕುವ ಮುಂಚೆ

ಪ್ರಶ್ನೆ: ಅಕ್ಕೋರೆ, ನಮ್ಮ ಅವ್ವ ತೀರಿಕೊಂಡು ಒಂದು ವರ್ಷವಾಯಿತು. ಟ್ರಂಕಿನಲ್ಲಿ ಅವಳ ಹನ್ನೊಂದು ಸೀರೆಗಳಿವೆ. ಮೂರು ಇಳಕಲ್, ನಾಲ್ಕು ಸಾದಾ ಕಾಟನ್, ನಾಲ್ಕು ಪಾಲಿಯೆಸ್ಟರ್. ನಾವು ಮೂವರು ಅಕ್ಕತಂಗಿಯರು, ಒಬ್ಬೊಬ್ಬರಿಗೂ ಒಂದೊಂದು ಕೌದಿ ಹೊಲಿಯಬೇಕು ಅಂತ ಆಸೆ. ಆದರೆ ಕತ್ತರಿ ಹಿಡಿದರೆ ಕೈ ನಡುಗುತ್ತದೆ. ಹಳೇ ಬೆಡ್‌ಶೀಟಿನಲ್ಲಿ ಸಣ್ಣದೊಂದು ಹೊಲಿದು ನೋಡಿದೆ, ನಡುಮಧ್ಯೆ ಉಬ್ಬಿ ನಿಂತಿತು. ಎಲ್ಲಿ ತಪ್ಪಿದೆ? (ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ತಂಗಿ, ಕೈ ನಡುಗುವುದು ಸಹಜ. ಹಾಗಾಗಿ ಮೊದಲ ದಿನ ಕತ್ತರಿ ಮುಟ್ಟಲೇಬೇಡಿ. ಸೀರೆಗಳನ್ನೆಲ್ಲ ಒಗೆದು ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ಸೀರೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಪಾದಕ್ಕೆ ತಾಗುವ ಅಂಚು ಮತ್ತು ಕೂತು ಎದ್ದು ಮಾಡುವ ಭಾಗ ಮೊದಲು ಹೋಗುತ್ತದೆ, ಒಳಗೆ ಸಿಕ್ಕಿಸುವ ತುದಿ ಎಷ್ಟೋ ವರ್ಷ ಗಟ್ಟಿಯಾಗಿಯೇ ಇರುತ್ತದೆ. ಎರಡು ಹೆಬ್ಬೆರಳಿನಿಂದ ಬಟ್ಟೆಯನ್ನು ಆಚೆ ಈಚೆ ಎಳೆಯಿರಿ. ಚರ್ ಅಂದರೆ ಅದು ಒಳಪದರಕ್ಕೆ, ತಡೆದರೆ ಮೇಲಕ್ಕೆ. ಸೀರೆ ಹರಿದಿದೆ ಅಂತ ಬಿಸಾಡಬೇಡಿ, ಕೌದಿಯ ಹೊಟ್ಟೆಗೆ ಬೇಕಾಗಿರುವುದೇ ಹಾಗೆ ಮೆತ್ತಗಾದ ಬಟ್ಟೆ.

ಪಾಲಿಯೆಸ್ಟರ್ ನಾಲ್ಕನ್ನೂ ಬದಿಗಿಡಿ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅದು ಜಾರುತ್ತದೆ, ಹೊಲಿಗೆ ನಿಲ್ಲುವುದಿಲ್ಲ, ಬೆವರು ಹೀರುವುದಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಅಂಥ ಕೌದಿ ಹಾಸಿಕೊಂಡು ಮಲಗಲು ಆಗುವುದಿಲ್ಲ. ಅವುಗಳಲ್ಲಿ ಸಂತೆಚೀಲ ಹೊಲಿಯಿರಿ, ಬಹಳ ವರ್ಷ ಬರುತ್ತವೆ.

ಉಳಿದದ್ದು ಏಳು. ಒಬ್ಬರು ಮಲಗುವ ಕೌದಿ ಅಂದರೆ ಸುಮಾರು ಐದು ಅಡಿ ಅಗಲ, ಏಳು ಅಡಿ ಉದ್ದ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿ ಎರಡೂ ತುಂಡನ್ನು ಉದ್ದಕ್ಕೆ ಜೋಡಿಸಿದರೆ ಒಂದು ಪದರ ಆರಾಮಾಗಿ ಬರುತ್ತದೆ. ಕೌದಿಗೆ ಮೂರು ಪದರವಾದರೂ ಬೇಕು. ಮೂರು ಕೌದಿಗೆ ಒಂಬತ್ತು. ಎರಡು ಕಡಿಮೆ ಬಿತ್ತು, ಅಲ್ವಾ? ಮನೆಯಲ್ಲಿ ಅಪ್ಪನ ಹಳೇ ಧೋತರ ಎರಡು ಇದ್ದರೆ ಅವನ್ನೇ ಒಳಗೆ ಹಾಕಿ.

ಇನ್ನು ಇಳಕಲ್. ಮೂರು ಸೀರೆ, ಮೂವರು ಹೆಣ್ಣುಮಕ್ಕಳು. ಒಬ್ಬೊಬ್ಬರ ಕೌದಿಯ ನಡುವೆ ಒಂದೊಂದು ಸೆರಗು ಇಡೀಯಾಗಿ ಬರಲಿ ಅಂತ ನನಗೆ ಅನಿಸುತ್ತದೆ. ಆದರೆ ಒಂದು ಎಚ್ಚರಿಕೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ನೂಲು, ಅಂದರೆ ಉದ್ದಕ್ಕೆ ಓಡುವ ನೂಲು ಬೇರೆ, ಸೆರಗಿನದು ಬೇರೆ. ಎರಡನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಟೋಪ್ ತೆನಿ ಅನ್ನುವುದು ಇದಕ್ಕೇ. ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿ, ಆ ಕೊಂಡಿಗಳ ಸಾಲು ಸಣ್ಣ ಉಬ್ಬಾಗಿ ಕೈಗೆ ಸಿಗುತ್ತದೆ. ಅಲ್ಲಿ ಕತ್ತರಿ ಇಟ್ಟರೆ ಕೊಂಡಿ ಬಿಚ್ಚಿ ನೂಲು ಎದ್ದು ಬರುತ್ತದೆ. ಒಡಲಿನ ಕಡೆ ನಾಲ್ಕು ಬೆರಳು ಬಟ್ಟೆ ಬಿಟ್ಟು ಕತ್ತರಿಸಿ, ಆ ನಾಲ್ಕು ಬೆರಳನ್ನು ಒಳಕ್ಕೆ ಮಡಚಿ ಹೊಲಿದುಬಿಡಿ.

ಈಗ ಉಬ್ಬಿನ ವಿಷಯ. ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತಾ ಒಳಕ್ಕೆ ಹೊಲಿಯುತ್ತಾ ಹೋಗುತ್ತೇವೆ. ಪದರಗಳಲ್ಲಿ ಎಲ್ಲೇ ಸಡಿಲ ಇದ್ದರೂ ಪ್ರತಿ ಸುತ್ತಿಗೂ ಅದು ಒಳಕ್ಕೆ ಸರಿದು ಕೊನೆಗೆ ನಡುವೆ ಬಂದು ಸೇರುತ್ತದೆ. ನಿಮ್ಮದು ಅದೇ ಆಗಿದೆ. ಕೌದಿಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಭಾರ ಇಟ್ಟು, ನಡುವಿನಿಂದ ಹೊರಗೆ ಅಂಗೈಯಿಂದ ಸವರುತ್ತಾ ಸುಕ್ಕು ತೆಗೆಯಿರಿ. ಆಮೇಲೆ ನಡುವಿನಿಂದಲೇ ಹೊರಟು ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಉದ್ದಕ್ಕೂ ಹಾಕಿ ಅಡ್ಡಕ್ಕೂ ಹಾಕಿ. ಇದಕ್ಕೆ ಅರ್ಧ ದಿನ ಹೋಗುತ್ತದೆ, ಹೋಗಲಿ. ಆಮೇಲೆ ಅಂಚಿನಿಂದ ಪಕ್ಕಾ ಹೊಲಿಗೆ ಶುರುಮಾಡಿ, ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ ಇರಲಿ. ದಾರವನ್ನು ಬಿಗಿದು ಎಳೆಯಬೇಡಿ. ಮೇಲೆ ಹಚ್ಚುವ ತುಂಡುಗಳನ್ನು ಓರೆಯಾಗಿ ಕತ್ತರಿಸಿದರೂ ಅವು ಹಿಗ್ಗುತ್ತವೆ, ನೂಲಿನ ನೇರಕ್ಕೇ ಕತ್ತರಿಸಿ.

ನಮ್ಮ ಅಜ್ಜಿ ಕೊನೇ ಸುತ್ತು ಮುಚ್ಚುವ ಮುಂಚೆ ನಡುವಿನ ಸಂದಿಯಲ್ಲಿ ಒಣಗಿದ ಜೋಳದ ರೊಟ್ಟಿಯ ಚೂರೊಂದನ್ನು ಇಡುತ್ತಿದ್ದರು. ಕೌದಿ ಹಸಿದುಕೊಂಡು ಇರಬಾರದು ಅಂತ. ಉಗುರಿನಷ್ಟೇ ಚೂರು. ನಾವು ಮಕ್ಕಳು ಅದನ್ನು ನೋಡಲು ಸುತ್ತ ಕೂರುತ್ತಿದ್ದೆವು. ನಿಮ್ಮ ಅವ್ವನೂ ಹೀಗೇ ಏನಾದರೂ ಮಾಡುತ್ತಿದ್ದರೆ ಅದನ್ನು ಬಿಡಬೇಡಿ. ಮೂವರೂ ಒಂದೇ ಕಡೆ ಕೂತು ಹೊಲಿಯಲು ಆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ತಂಗಿಗೆ ಡಿಸೆಂಬರಿನಲ್ಲಿ ಹೆರಿಗೆ. ಕೂಸಿಗೆ ಕ್ರೋಶಾ ಟೋಪಿ ಹೆಣೆಯುತ್ತಿದ್ದೇನೆ. ನೆತ್ತಿಯ ಚಕ್ರ ಚಪ್ಪಟೆ ಕೂರದೆ ಅಂಚು ಅಲೆಅಲೆಯಾಗಿ ಏಳುತ್ತದೆ. ಅಳತೆಯೂ ಗೊತ್ತಾಗುತ್ತಿಲ್ಲ. (ಭಾಲ್ಕಿ, ಬೀದರ್ ಜಿಲ್ಲೆ)

ಉತ್ತರ: ಅಂಚು ಅಲೆಯಾದರೆ ಕಂಬ (ಕ್ರೋಶಾ ಕಡ್ಡಿಯಿಂದ ಹಾಕುವ ಒಂದೊಂದು ಹೆಣಿಗೆ) ಜಾಸ್ತಿ ಆಗಿದೆ ಅಂತ ಅರ್ಥ, ಬಟ್ಟಲಿನಂತೆ ಬಾಗಿದರೆ ಕಡಿಮೆ ಆಗಿದೆ. ಕಡ್ಡಿಗೆ ದಾರ ಒಮ್ಮೆ ಸುತ್ತಿಕೊಂಡು ಹಾಕುವ ಉದ್ದ ಕಂಬದಲ್ಲಿ ಹೆಣೆಯುತ್ತಿದ್ದರೆ ಮೊದಲ ಸುತ್ತಿಗೆ 12, ಎರಡನೆಯದಕ್ಕೆ 24, ಆಮೇಲೆ 36, ಆಮೇಲೆ 48. ಪ್ರತಿ ಸುತ್ತಿಗೂ 12 ಮಾತ್ರ ಏರಬೇಕು. ಎಣಿಸುತ್ತಾ ಹೆಣೆಯಿರಿ, ಮಾತಾಡುತ್ತಾ ಹೆಣೆದರೆ ಇದೊಂದು ತಪ್ಪು ಆಗಿಯೇ ಆಗುತ್ತದೆ.

ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಚಕ್ರ ಅಡ್ಡಕ್ಕೆ 11 ಸೆಂಟಿಮೀಟರ್ ಆದ ಕೂಡಲೇ ಏರಿಸುವುದನ್ನು ನಿಲ್ಲಿಸಿ, ಕಂಬಕ್ಕೊಂದು ಕಂಬದಂತೆ ಇಳಿಸುತ್ತಾ ಹೋಗಿ. ನೆತ್ತಿಯಿಂದ ಅಂಚಿಗೆ 13-14 ಸೆಂಟಿಮೀಟರ್ ಆದರೆ ಸಾಕು. ಉಣ್ಣೆಯನ್ನು ಕೆನ್ನೆಗೆ ಉಜ್ಜಿ ನೋಡಿ ತೆಗೆದುಕೊಳ್ಳಿ, ನಿಮಗೆ ಚುಚ್ಚಿದರೆ ಕೂಸಿಗೂ ಚುಚ್ಚುತ್ತದೆ. ಉದ್ದ ದಾರ, ಗುಂಡಿ, ಮಣಿ ಯಾವುದೂ ಬೇಡ. ಬೀದರಿನ ಚಳಿ ನನಗೂ ಗೊತ್ತು, ಆದರೂ ಕೂಸು ಮನೆಯೊಳಗೆ ಮಲಗಿದಾಗ ಟೋಪಿ ತೆಗೆಯಿರಿ. ಚಿಕ್ಕ ಮಕ್ಕಳ ಮೈಕಾವು ಹೊರಗೆ ಹೋಗುವುದು ತಲೆಯಿಂದಲೂ, ಅದನ್ನು ಮುಚ್ಚಿಬಿಟ್ಟರೆ ಮೈ ಕಾಯುತ್ತದೆ.

ತೊಟ್ಟಿಲ ಕಾರ್ಯಕ್ಕೆ ಮಾತ್ರ ಒಂದು ಖಣದ ಕುಂಚಿಗಿಯನ್ನೂ (ಬೆನ್ನಿನ ಮೇಲೆ ಇಳಿಬೀಳುವ ಕೂಸಿನ ಟೋಪಿ) ಹೊಲಿಯಿರಿ, ಒಳಗೆ ಹಳೇ ಧೋತರದ ಅಸ್ತರ ಕೊಟ್ಟು. ತವರಿನಿಂದ ಅದು ಹೋದರೆ ನೋಡಲು ಎಷ್ಟು ಚೆಂದ!

ಪ್ರಶ್ನೆ: ಅತ್ತೆಯ ಹಳೇ ಹೊಲಿಗೆ ಮಷೀನು ಹೊರಗೆ ತೆಗೆದಿದ್ದೇನೆ. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗುತ್ತದೆ. ಬಾಬಿನ್ ಬದಲಿಸಿದೆ, ಸರಿಹೋಗಲಿಲ್ಲ. (ಕಲಬುರಗಿ)

ಉತ್ತರ: ಗಂಟು ಅಡಿಯಲ್ಲಿ ಕಂಡರೂ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಮಷೀನಿನ ಪಾದವನ್ನು ಮೇಲೆತ್ತಿ, ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ. ಪಾದ ಕೆಳಗಿದ್ದರೆ ಬಿಗಿ ಮಾಡುವ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಸೂಜಿಯನ್ನೂ ಹೊಸದು ಹಾಕಿ. ಮಾಮೂಲಿ ಕಾಟನ್‌ಗೆ 14ನೇ ನಂಬರು, ದಪ್ಪ ಬಟ್ಟೆಗೆ 16. ಅಡುಗೆ ಎಣ್ಣೆ ಬಿಡಬೇಡಿ, ಅದು ಅಂಟಾಗಿ ಮಷೀನು ಬಿಗಿಯುತ್ತದೆ. ಮಷೀನ್ ಎಣ್ಣೆಯ ಸಣ್ಣ ಸೀಸೆ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.

ಪ್ರಶ್ನೆ: ಕೌದಿಯನ್ನು ವಾಷಿಂಗ್ ಮಷೀನಿಗೆ ಹಾಕಬಹುದೇ? ಮಹಾನವಮಿ ಮುಂಚೆ ಹಾಸಿಗೆಯೆಲ್ಲ ಒಗೆಯಬೇಕು, ಸೊಂಟ ನೋವು. (ಚಿಂಚೋಳಿ)

ಉತ್ತರ: ಬೇಡ ಅಕ್ಕ. ಅಜ್ಜಿ ಹೊಲಿದ ಕೌದಿಯನ್ನು ನಾನು ಒಮ್ಮೆ ಹಾಕಿದೆ. ನೀರು ಕುಡಿದು ಭಾರವಾದ ಕೌದಿಯನ್ನು ಮಷೀನು ಗಿರಗಿರ ತಿರುಗಿಸಿದಾಗ ಹಳೇ ದಾರ ತಡೆಯಲಿಲ್ಲ. ಹೊರಗೆ ತೆಗೆದಾಗ ಹದಿನಾಲ್ಕು ಸಾಲು ಕಿತ್ತಿತ್ತು. ಅವತ್ತು ಅತ್ತುಬಿಟ್ಟೆ.

ನೀವು ಬಗ್ಗಬೇಕಾಗಿಲ್ಲ. ದೊಡ್ಡ ಟಬ್ಬಿನಲ್ಲಿ ತಣ್ಣೀರು, ಸ್ವಲ್ಪ ಸೋಪು ಹಾಕಿ ಒಂದು ತಾಸು ನೆನೆಸಿ, ಮೊಮ್ಮಕ್ಕಳನ್ನು ಕರೆದು ಕಾಲಿನಿಂದ ತುಳಿಸಿ. ಹಿಂಡಬೇಡಿ. ಇಬ್ಬರು ಹಿಡಿದು ಮಾಳಿಗೆಯ ಗೋಡೆಯ ಮೇಲೆ ಹಾಕಿ, ನೀರು ತಾನೇ ಇಳಿಯಲಿ. ಮಧ್ಯಾಹ್ನ ಮಗ್ಗಲು ಬದಲಿಸಿ. ಮಡಚಿ ಇಡುವ ಮುಂಚೆ ಒಮ್ಮೆ ಹರಡಿ ನೋಡಿ, ಎಲ್ಲಿ ದಾರ ಬಿಟ್ಟಿದೆಯೋ ಅಲ್ಲಿ ಅವತ್ತೇ ನಾಲ್ಕು ಹೊಲಿಗೆ ಹಾಕಿಬಿಡಿ.